ಬಂಡೆಪ್ಪ ಕಾಕಾ ಅಳಿಸಿದ ಕ್ಯಾಸೆಟ್

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಹೋಗುವ ಮನುಷ್ಯ ನಾನು. ಕಲಬುರಗಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾ ತಲೆ ಬೆಳ್ಳಗಾಗಿದೆ. ರೇಡಿಯೋ ತಾನಾಗಿ ಆನ್ ಆಯಿತು, ಸತ್ತವರ ಫೋನ್ ಬಂತು ಎಂದೆಲ್ಲ ಯಾರಾದರೂ ಹೇಳಿದರೆ ನಾನು ಕೇಳುವ ಪ್ರಶ್ನೆ ಒಂದೇ: ಪ್ಲಗ್ ಕಿತ್ತು ನೋಡಿದಿರಾ? ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಓದುತ್ತಾ ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ; ನಿಮ್ಮ ಜಾಗದಲ್ಲಿದ್ದರೆ ನಾನು ಆಗಲೇ ಹೋಗಿರುತ್ತಿದ್ದೆ.

ತೊಂಬತ್ತರ ದಶಕದಲ್ಲಿ ಊರೂರಿಗೂ ಪಾಪ್ ಹಾಡುಗಾರರು ಹುಟ್ಟಿಕೊಂಡಿದ್ದರು. ಕಪ್ಪು ಕನ್ನಡಕ, ತೋಳಿಲ್ಲದ ಜಾಕೆಟ್ಟು, ಒಂದು ಕೀಬೋರ್ಡು ಇದ್ದರೆ ತಂಡ ತಯಾರು. ನಾನೂ ನನ್ನ ಗೆಳೆಯ ಜಾವೀದನೂ ಅದೇ ಸಾಲಿನವರು. ಅವನು ಹಾಡುತ್ತಿದ್ದ, ನಾನು ಕೀಬೋರ್ಡ್ ಬಾರಿಸುತ್ತಿದ್ದೆ. ನಮ್ಮ ಹೆಸರು ‘ಶಾಬಾದಿ ಬಾಯ್ಸ್’. ಇಬ್ಬರೂ ಶಹಾಬಾದಿನವರಲ್ಲ. ಐವಾನ್-ಎ-ಶಾಹಿ ಬಡಾವಣೆ ಕಡೆ ಯಾರದೋ ಮನೆ ಕಟ್ಟಲು ತಂದು ಒಟ್ಟಿದ್ದ ಶಹಾಬಾದಿನ ಹಾಸುಗಲ್ಲುಗಳ ಮೇಲೆ ನಿಂತು ಫೋಟೋ ಹೊಡೆಸಿಕೊಂಡಿದ್ದೆವು, ಅಷ್ಟಕ್ಕೇ ಆ ಹೆಸರು. ಒಂದೇ ಒಂದು ಕ್ಯಾಸೆಟ್ ಮಾಡಿದೆವು. ಆರು ಹಾಡು, ಅರ್ಧ ಕನ್ನಡ, ಅರ್ಧ ದಖನಿ ಉರ್ದು.

ನಮ್ಮಪ್ಪ ಪೌರೋಹಿತ್ಯ ಮಾಡುತ್ತಿದ್ದವರು. ಆ ಫೋಟೋ ನೋಡಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಜಾವೀದನ ಮನೆಯಲ್ಲಿ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಇನ್ನು ಹಾಡುವುದಿಲ್ಲ ಎಂದು ಅವನು ತನ್ನ ತಂದೆಗೆ ಮಾತು ಕೊಟ್ಟ. ನಂದೂರಿನ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ಆಮೇಲೆ ಅವನು ಗುನುಗಿದ್ದನ್ನೂ ನಾನು ಕೇಳಲಿಲ್ಲ.

ಮೂರು ವರ್ಷದ ಹಿಂದೆ ಅವನ ಗಂಟಲಿಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಂದಿನಿಂದ ಅಂಗಿಯ ಜೇಬಿನಲ್ಲೊಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಬರೆದು ಮಾತಾಡುತ್ತಾನೆ. ಅದಾಗಿ ಕೆಲವು ತಿಂಗಳಿಗೆ ಅವನ ಮಗಳು ಅಫ್ರೀನ್ ಮೊಬೈಲ್ ಹಿಡಿದು ನಮ್ಮ ಮನೆಗೆ ಬಂದಳು. ತೊಂಬತ್ತರ ದಶಕದ ಮರೆತುಹೋದ ಪಾಪ್, ಡ್ಯಾನ್ಸ್ ತಂಡಗಳನ್ನು ಅಗೆದು ತೆಗೆಯುವ ಹುಡುಗರ ಗುಂಪೊಂದು ಇಂಟರ್ನೆಟ್ಟಿನಲ್ಲಿದೆಯಂತೆ. ಅವರಿಗೆ ಯಾವುದೋ ರದ್ದಿಯಲ್ಲಿ, ಆ ಹಾಸುಗಲ್ಲಿನ ಫೋಟೋ ಇದ್ದ ನಮ್ಮ ಕ್ಯಾಸೆಟ್ಟಿನ ಹೊದಿಕೆ ಸಿಕ್ಕಿತ್ತು. ಕ್ಯಾಸೆಟ್ ಇಲ್ಲ, ಬರೀ ಕಾಗದ. ಅದನ್ನು ಗುಂಪಿನಲ್ಲಿ ಹಾಕಿದ್ದರು, ಕೆಳಗೆ ದೊಡ್ಡ ಜಗಳ. ಇವರು ಹುಬ್ಬಳ್ಳಿಯವರು ಎಂದು ಒಬ್ಬ, ಇದು ಕಂಪ್ಯೂಟರ್ ಬರೆದ ಚಿತ್ರ, ಇಂಥ ತಂಡವೇ ಇರಲಿಲ್ಲ ಎಂದು ಇನ್ನೊಬ್ಬ. ಎಡಗಡೆ ನಿಂತವನು ನಾನೇ ಮಾರಾಯ ಎಂದು ಬರೆದೆ. ಸಾಕ್ಷಿ ಏನು ಎಂದು ಉತ್ತರ ಬಂತು. ಮೈಯೆಲ್ಲ ಉರಿದುಹೋಯಿತು.

ಅಫ್ರೀನಳಿಗೆ ಆ ಜಗಳ ಬೇಕಿರಲಿಲ್ಲ. “ಅಬ್ಬಾ ಹಾಡ್ತಿದ್ರು ಅಂತ ನಂಗ ಗೊತ್ತೇ ಇರ್ಲಿಲ್ಲ ಅಂಕಲ್. ಒಮ್ಮೆ ಕೇಳಬೇಕ್ರಿ. ಒಂದೇ ಸಲ,” ಎಂದಳು.

ಅವಳಿಗೆ ಏನು ಹೇಳಲಿ? ಜಾವೀದ ತನ್ನ ಪ್ರತಿಯನ್ನು ಆಗಲೇ ಎಸೆದಿದ್ದ. ನನ್ನದರ ಕಥೆ ಇನ್ನೂ ಚೆಂದ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಸಣ್ಣ ಕಿವಿಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ನಾನು ಮುರಿದಿಟ್ಟಿದ್ದೆ. ನಮ್ಮ ತಾಯಿ ಆ ತೂತಿಗೆ ಅಂಟುಪಟ್ಟಿ ಹಚ್ಚಿ, ತಮ್ಮ ಭಜನಾ ಮಂಡಳಿಯ ಹಾಡನ್ನೆಲ್ಲ ತುಂಬಿಸಿಬಿಟ್ಟಿದ್ದರು. ಉಳಿದವರು ಬಂಡೆಪ್ಪ ಕಾಕಾ. ಆಗ ಸೂಪರ್ ಮಾರ್ಕೆಟ್ ಹತ್ತಿರ ಅವರದು ರೆಕಾರ್ಡಿಂಗ್ ಅಂಗಡಿ. ಚೀಟಿಯಲ್ಲಿ ಹಾಡಿನ ಪಟ್ಟಿ ಕೊಟ್ಟರೆ ಕ್ಯಾಸೆಟ್ ತುಂಬಿಕೊಡುತ್ತಿದ್ದರು. ನಮ್ಮ ಹಾಡು ರೆಕಾರ್ಡ್ ಆದದ್ದೂ ಆ ಅಂಗಡಿಯ ಹಿಂದಿನ ಕೋಣೆಯಲ್ಲೇ. ಅಂಗಡಿ ಮುಚ್ಚಿ ಈಗ ಕಮಲಾಪುರದ ತಮ್ಮ ಮನೆಯಲ್ಲಿದ್ದಾರೆ.

ಫೋನ್ ಮಾಡಿದೆ. “ಮೂಲ ಕ್ಯಾಸೆಟ್ ಅದ. ಆದ್ರ ಅದನ್ನ ನನ್ನ ಕೈಯಾರೆ ಅಳಿಸೀನಿ,” ಎಂದರು. ಮಾರದೆ ಉಳಿದವನ್ನೆಲ್ಲ ಅಳಿಸಿ, ಚೀಟಿಯ ಮೇಲೆ ನೀಲಿ ಪೆನ್ನಿನಿಂದ ಕಾಟು ಹಾಕಿ, ಮರಳಿ ಬಳಸುವುದು ಆ ಅಂಗಡಿಯ ರೂಢಿ. ಆದರೂ ಅಟ್ಟದ ಡಬ್ಬಿಗಳಲ್ಲಿ ಒಂದು ಪ್ರತಿಯಾದರೂ ಸಿಕ್ಕೀತೆಂದು ಒಂದು ಭಾನುವಾರ ನಾನು, ಜಾವೀದ, ಅಫ್ರೀನ್ ಮೂವರೂ ಕಮಲಾಪುರದ ಬಸ್ ಹತ್ತಿದೆವು.

ಮಧ್ಯಾಹ್ನದವರೆಗೆ ಧೂಳು ತಿಂದೆವು. ಬಂಡೆಪ್ಪ ಕಾಕಾ ಕೊಟ್ಟ ಕೆಂಪು ಬಾಳೆಹಣ್ಣನ್ನೂ ತಿಂದೆವು. ಸಿಕ್ಕಿದ್ದು ಕಾಟು ಹಾಕಿದ ಆ ಮೂಲ ಕ್ಯಾಸೆಟ್ ಒಂದೇ. ಅವರ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿದೆ. ಮೊದಲನೇ ಬದಿ ಪೂರ್ತಿ ಬರೀ ಸುಯ್ಯೆನ್ನುವ ಸದ್ದು. ಎರಡನೇ ಬದಿಗೆ ತಿರುಗಿಸುವಷ್ಟರಲ್ಲಿ ಕರೆಂಟ್ ಹೋಯಿತು. ನನಗೆ ತಾಳ್ಮೆ ಕಡಿಮೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ದಪ್ಪ ಸೆಲ್ಲು ಸಿಗುತ್ತವೇನೋ ನೋಡಿಕೊಂಡು ಬಾ ಎಂದು ಅಫ್ರೀನಳನ್ನು ಕಳಿಸಿದೆ. ನಾನೇ ಕಳಿಸಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಅವಳು ಹೋಗಿ ಐದು ನಿಮಿಷಕ್ಕೆ ಕರೆಂಟ್ ಬಂತು. ಬಂಡೆಪ್ಪ ಕಾಕಾ ಒಳಗೆ ಚಹಾ ಕಾಯಿಸುತ್ತಿದ್ದರು. ಅವಳು ಬರಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ. ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ.

ಸ್ವಲ್ಪ ಹೊತ್ತು ಸುಯ್ಯೆಂದಿತು. ಆಮೇಲೆ ನನ್ನ ಕೀಬೋರ್ಡು. ಆಮೇಲೆ ಜಾವೀದ.

ಅವನದು ಭಾರಿ ಕಂಠವೇನಲ್ಲ, ಸ್ವಲ್ಪ ಮೂಗಿನಿಂದ ಹಾಡುತ್ತಿದ್ದ. ಆದರೆ ಅದು ಇಪ್ಪತ್ತೆರಡು ವರ್ಷದ ಜಾವೀದನ ದನಿ. ಐವತ್ತು ದಾಟಿದ ಜಾವೀದ, ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾ ನನ್ನೆದುರು ಕೂತಿದ್ದ. ಬಾಳೆಹಣ್ಣಿನ ಸ್ಟೀಲ್ ತಟ್ಟೆಯ ಅಂಚಿಗೆ ಬೆರಳಿನಿಂದ ತಾಳ ಬಡಿಯುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಲ್ಲೇ ನಿಲ್ಲಿಸಿ ಆ ಹುಡುಗಿಗೆ ಉಳಿಸೋಣ ಎಂದು ನನಗೆ ಹೊಳೆಯಲೇ ಇಲ್ಲ. ಹೇಗೂ ಹಿಂದಕ್ಕೆ ಸುತ್ತಬಹುದಲ್ಲ! ಹಾಡು ಮುಗಿಯಿತು. ಹಿಂದಕ್ಕೆ ಸುತ್ತಿ ಇಟ್ಟೆ.

ಜಾವೀದ ನೋಟ್‌ಬುಕ್ ತೆಗೆದು ಬರೆದು ತೋರಿಸಿದ: “ಎರಡನೇ ಚರಣದಾಗ ಇವತ್ತೂ ತಪ್ಪೇ ಬಾರಿಸಿದಿ.” ಹೌದು, ಅಲ್ಲಿ ನನ್ನ ಬೆರಳು ಜಾರಿತ್ತು. ನಾನೂ ಈಗಷ್ಟೇ ಕೇಳಿದ್ದೆ.

ಬಂಡೆಪ್ಪ ಕಾಕಾ ಚಹಾ ತಂದರು. “ಕರೆಂಟ್ ಬಂದು ಎಷ್ಟೊತ್ತಾತು. ಹಚ್ಚೂದಿಲ್ಲೇನು? ಯಾಕ ಸುಮ್ಮ ಕುಂತೀರಿ?” ಎಂದರು. ಅಡುಗೆಮನೆಗೂ ಆ ಕೋಣೆಗೂ ನಡುವೆ ಬಾಗಿಲೂ ಇಲ್ಲ, ಬರೀ ಪರದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಫ್ರೀನ್ ಸೆಲ್ಲು ಹಿಡಿದು ಓಡಿಬಂದಳು. “ಕೂಡು, ಕೂಡವ್ವ, ಕೇಳು!” ಎಂದು ಕೂಗಿ ಗುಂಡಿ ಒತ್ತಿದೆ.

ಸುಯ್ಯೆನ್ನುವ ಸದ್ದು. ಅವಳು ಕೈಕಟ್ಟಿ ಕೂತು ಆ ಸದ್ದನ್ನು ಕೊನೆಯ ತನಕ ಕೇಳಿದಳು. ಇನ್ನೊಂದು ಬದಿಯನ್ನೂ ಕೇಳಿದಳು. ಫೋನ್ ತೆರೆದೆವು. ಅದರಲ್ಲಿ ಫ್ಯಾನಿನ ಗರಗರ, ದೂರದ ಬಸ್ಸಿನ ಹಾರ್ನು, ತಟ್ಟೆಯ ಮೇಲೆ ಜಾವೀದನ ಬೆರಳು. ಹಾಡು ಮಾತ್ರ ಇಲ್ಲ. ನಾವು ಕೇಳಿದ್ದೆವು ಎಂದು ಜಾವೀದನೂ ಬರೆದು ತೋರಿಸಿದ. ಅವಳು ನಂಬಿದಳು. ನಂಬದೆ ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು.

ಕ್ಯಾಸೆಟ್ಟನ್ನು ಕಾಲೇಜಿನ ಲ್ಯಾಬಿಗೆ ಒಯ್ದು ಇಂಚಿಂಚು ನೋಡಿದೆ. ಖಾಲಿ. ಫೋನು ಗದ್ದಲ ಸೋಸುವಾಗ ಹಾಡನ್ನೂ ಸೋಸಿರಬೇಕು ಎಂದರು ಒಬ್ಬ ಸಹೋದ್ಯೋಗಿ. ಹಾಡು ಸೋಸಿ ಫ್ಯಾನ್ ಉಳಿಸುವ ಫೋನು ಯಾವ ಕಂಪನಿಯದು ಸ್ವಾಮಿ? ಇಬ್ಬರ ನೆನಪೂ ಸೇರಿ ಹಾಡಿತು ಎಂದರು ಇನ್ನೊಬ್ಬರು. ಇರಬಹುದು. ಹಾಗಿದ್ದರೆ ಎರಡು ತಲೆಗಳಲ್ಲಿ ಅದು ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿದದ್ದು ಹೇಗೆ? ನನಗೆ ಇಂದಿಗೂ ಗೊತ್ತಿಲ್ಲ.

ಗೊತ್ತಿಲ್ಲ ಎನ್ನುವುದಕ್ಕಿಂತ ನನಗಿರುವುದು ಸಿಟ್ಟು. ನಾವಿಬ್ಬರೂ ಆ ಹಾಡನ್ನು ನೂರು ಸಲ ಕೇಳಿದವರು. ಬರುವುದಿದ್ದರೆ ಕೇಳದವಳು ಎದುರಿದ್ದಾಗ ಬರಬೇಕಿತ್ತು. ಹತ್ತು ನಿಮಿಷ ತಡೆದಿದ್ದರೆ ಅದರ ಗಂಟೇನು ಹೋಗುತ್ತಿತ್ತು? ನನ್ನದೇನು ಹೋಗುತ್ತಿತ್ತು?

ಹೋದ ವಾರ ಅವರ ಮನೆಗೆ ಹೋಗಿದ್ದೆ. ಅಫ್ರೀನ್ ಆ ಫೋನ್ ರೆಕಾರ್ಡಿಂಗನ್ನು ತನ್ನ ಮೊಬೈಲಿಗೆ ಹಾಕಿಕೊಂಡಿದ್ದಾಳೆ. ಆ ತಾಳ ಅವಳಿಗೆ ಬಾಯಿಪಾಠ ಆಗಿದೆ. ಮಂಚದ ಅಂಚಿಗೆ ಬಡಿದು ತೋರಿಸಿದಳು. ನಡುವೆ ಒಂದು ಕಡೆ ನಿಲ್ಲಿಸಿ ಕೇಳಿದಳು: “ಇಲ್ಲಿ ಅಬ್ಬಾ ಬಡಿಯೂದು ಬಿಡ್ತಾರಲ್ಲ ಅಂಕಲ್, ಇಲ್ಲಿ ಏನಿತ್ತು?”

“ಅಲ್ಲಿ ಅವ ಉಸಿರು ತಗೋತಿದ್ದ,” ಎಂದೆ.

ಅವಳು ಹಿಂದಕ್ಕೆ ಸರಿಸಿ ಅಷ್ಟನ್ನೇ ಮತ್ತೊಮ್ಮೆ ಹಾಕಿದಳು. ಬರೀ ಫ್ಯಾನಿನ ಸದ್ದು. ಕಣ್ಣು ಮುಚ್ಚಿ ಕೇಳಿದಳು.