ನಿದ್ದೆ ತಂದದ್ದು ಯಾವುದು?

ಕುಡಿತ ಬಿಟ್ಟ ಹೊಸತರಲ್ಲಿ ನಡೆದದ್ದರಲ್ಲಿ ನನಗೇ ನೆನಪಿರುವುದು ಎಷ್ಟು, ಅಕ್ಕ ಆಮೇಲೆ ಹೇಳಿ ಹೇಳಿ ನೆನಪಾದದ್ದು ಎಷ್ಟು, ಈಗಲೂ ಬಿಡಿಸಿ ಹೇಳಲಾರೆ. ಕುಮಟಾದ ಡಾಕ್ಟರರು ಮಾತ್ರೆ ಬರೆದುಕೊಟ್ಟು, ಒಬ್ಬರೇ ಇರಬೇಡಿ ಎಂದಿದ್ದರು. ಹಾಗಾಗಿ ಹೊನ್ನಾವರದಲ್ಲಿ ಅಕ್ಕನ ಮನೆ ಸೇರಿದ್ದೆ. ಮಾತ್ರೆ ಕೈನಡುಕವನ್ನು ಇಳಿಸಿತು. ನಿದ್ದೆಯನ್ನು ಮಾತ್ರ ಚೂರು ಚೂರಾಗಿ ಕೊಟ್ಟಿತು. ಪ್ರತಿ ಚೂರಿನಲ್ಲೂ ಕೆಟ್ಟ ಕನಸು. ಏಳುತ್ತಿದ್ದೆ, ಮಲಗುತ್ತಿದ್ದೆ, ಅಂಗಳಕ್ಕೆ ಹೋಗಿ ಬರುತ್ತಿದ್ದೆ. ಕಾಲಡಿಯ ಚಾದರ ಮುದ್ದೆಯಾಗಿರುತ್ತಿತ್ತು.

ಆಮೇಲೆ ಇದ್ದಕ್ಕಿದ್ದಂತೆ ನಿದ್ದೆ ಬಂತು. ಮರುದಿನವೂ ಬಂತು. ವಿಜ್ಞಾನ ಓದಿದವನು ನಾನು, ಮಾತ್ರೆಯನ್ನೇ ಹೊಗಳಿದೆ. ಅಕ್ಕನ ಜೊತೆ ಮತ್ತೆ ತೋರಿಸಲು ಹೋದಾಗ, ನಿದ್ದೆ ಚೆನ್ನಾಗಿದೆ ಎಂದೆ.

"ಇದು ನಿಮಗೆ ಅನಿಸಿದ್ದೋ, ನಿಮ್ಮ ಅಕ್ಕ ಹೇಳಿದ್ದೋ?" ಡಾಕ್ಟರರು ಕೇಳಿದರು.

"ಇವನ ಗೊರಕೆಗೆ ಆಚೆಮನೆ ನಾಯಿ ಬೊಗಳ್ತದೆ ಡಾಕ್ಟ್ರೇ," ಎಂದಳು ಅಕ್ಕ.

ಅವರು ನಕ್ಕರು. ಈ ಮಾತ್ರೆಯೂ ಚಟವಾಗುವಂಥದ್ದು, ಹಾಗಾದರೆ ಕಡಿಮೆ ಮಾಡುತ್ತ ಬರೋಣ ಎಂದು ಪೆನ್ನು ತೆಗೆದರು. ಅಷ್ಟರಲ್ಲಿ ಅಕ್ಕ ಹೆಮ್ಮೆಯಿಂದ, "ಮಾತ್ರೆದೊಂದೇ ಅಲ್ಲ ಮತ್ತೆ. ನಾನೂ ದಶಮೂಲಾರಿಷ್ಟ ಹಾಕ್ತಿದ್ದೆ. ಬಾಳಂತಿಗೆ ಕೊಡೂದು," ಎಂದಳು.

ಪೆನ್ನು ನಿಂತಿತು. "ಎಷ್ಟು?"

"ಬಾಳಂತಿಗಾದ್ರೆ ಒಂದು ಮುಚ್ಚಳ. ಇವ ಗಂಡಸಲ್ಲನ? ಅರ್ಧ ಲೋಟ."

"ಎಂತ ಮಾಡಿದ್ರಿ ಅಕ್ಕೋರೆ! ಅರಿಷ್ಟ ಅಂದ್ರೆ ಹುಳಿಬರಿಸಿ ಮಾಡೂದು. ಅದ್ರಲ್ಲಿ ಮದ್ಯ ಇರ್ತದೆ. ಅದ್ರ ಮೇಲೆ ಈ ಮಾತ್ರೆ. ಮಲಗಿದಲ್ಲೇ ಉಸಿರು ಕಟ್ಟಿದ್ರೆ?"

"ಬಾಳಂತಿಗೆ ಕೊಡೂದು ಹೆಂಡ ಹೆಂಗೆ ಆಗ್ತದೆ?" ಎಂದ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಡಾಕ್ಟರರು ನನ್ನತ್ತ ತಿರುಗಿದರು. "ನಿಮಗೆ ಗೊತ್ತಾಗ್ಲಿಲ್ವಾ?"

ಇಲ್ಲ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಕಪ್ಪು ಬಣ್ಣ, ಒಗರು ಸಿಹಿ, ಗಂಟಲಲ್ಲಿ ಇಳಿದ ಬಿಸಿ, ಎಲ್ಲ ಸ್ಪಷ್ಟವಾಗಿ ನೆನಪಾಗುತ್ತಿದೆ. ಆದರೆ ಕುಡಿಯುವಾಗಲೇ ಗುರುತು ಸಿಕ್ಕಿತ್ತೋ, ಅಥವಾ ಆ ಪ್ರಶ್ನೆ ಕೇಳಿದ ಮೇಲೆ ಹುಟ್ಟಿದ ನೆನಪೋ?

"ಆಮೇಲಾಮೇಲೆ ಅವನೇ ಕೇಳಿ ಕುಡೀತಿದ್ದ," ಎಂದಳು ಅಕ್ಕ, ನನ್ನನ್ನು ನೋಡದೆ.

ಕೇಳಿದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಅವಳ ಮಾತನ್ನು ಅನುಮಾನಿಸಬಹುದಿತ್ತು, ಆ ಅಭ್ಯಾಸ ನನಗೆ ಚೆನ್ನಾಗಿಯೇ ಇದೆ. ಆದರೆ ಆ ದಿನಗಳಲ್ಲಿ ಎಚ್ಚರವಿದ್ದವಳು ಅವಳು.

"ಅವಳು ಹೇಳಿದ್ದೇ ಬರ್ಕೊಳ್ಳಿ," ಎಂದೆ.

ಮಾತ್ರೆ ಕಡಿಮೆ ಮಾಡುವುದು ಸದ್ಯಕ್ಕೆ ಬೇಡವೆಂದರು ಡಾಕ್ಟರರು. ಅರಿಷ್ಟ ಇವತ್ತಿನಿಂದಲೇ ಬಂದ್. ಕುಡಿತ ಬಿಟ್ಟ ಲೆಕ್ಕವೂ ಇವತ್ತಿನಿಂದಲೇ ಶುರು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಮೊಣಕಾಲು ಸುಮ್ಮನಿರದೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಆ ಸೀಟಿನವರು ಎರಡು ಸಲ ತಿರುಗಿ ನೋಡಿದರು.

"ಇವತ್ತು ನಿದ್ದೆ ಬರ್ದಿದ್ರೆ ಎಂತ ಮಾಡೂದು ತಮಾ?" ಅಕ್ಕ ಕೇಳಿದಳು.

"ಎಂತ ಮಾಡೂದು? ಕೂತ್ಕಂಡಿರೂದು."

"ಆತು," ಎಂದಳು. "ನಾನೂ ಕೂತ್ಕಳ್ತೆ."