ಕಮಲಾ ಮಿಸ್ ಕಂಡ ಹರಿವು

ಕಮಲಾ ಮಿಸ್ ಯಾರೊಡನೆ ಮಾತಾಡುವಾಗಲೂ ಬಲಗಣ್ಣನ್ನು ಅರೆಮುಚ್ಚಿರುತ್ತಿದ್ದರು. ಸದಾ ಎಡಗಣ್ಣಿನಿಂದ ಸೂಕ್ಷ್ಮದರ್ಶಕ ನೋಡಿ ಬಂದ ರೂಢಿಯೆಂದೇ ನಾನು ತಿಳಿದಿದ್ದೆ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿ, ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ತಮ್ಮನ ಸಂಸಾರದೊಂದಿಗೆ ಇದ್ದರು. ಮಧ್ಯಾಹ್ನ ಕಿಟಕಿಗೆ ದುಪ್ಪಟಿ ಕಟ್ಟಿ, ನೀರಪಾಚಿಯ ಎಳೆಯೊಂದನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಪುಟ್ಟ ದೀಪ ಹಚ್ಚಿ ಕೂರುವರು. ಎಳೆಯ ಕೆಳಗೊಂದು, ಮೇಲೊಂದು ಕಂದು ಹಾಳೆ. ಕೆಟ್ಟ ಕ್ಯಾಲ್ಕುಲೇಟರುಗಳಿಂದ ಸುಲಿದದ್ದು. ಅವು ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಕಟ್ಟಿಹಾಕುತ್ತವಂತೆ. ಅಡ್ಡಡ್ಡ ಜೋಡಿಸಿದರೆ ಸುತ್ತೆಲ್ಲ ಕಪ್ಪು. ಜೀವಕೋಶದ ಗೋಡೆ ಮಾತ್ರ ಹೊಳೆಯುತ್ತದೆ, ಒಳಗಿನ ಜೀವರಸದಲ್ಲಿ ಕಣಗಳು ಮಿನುಗುತ್ತ ಹರಿಯುತ್ತವೆ.

ಮೊದಲ ಸಲ ನೋಡಲು ಬಗ್ಗಿದಾಗ ಹೆದರಿ ಎರಡೂ ಕಣ್ಣು ಮುಚ್ಚಿದ್ದೆ.

"ಕಾನ್ವೆಂಟಿನ್ಯಾಗ ಪ್ರೇಯರ್ ಅಷ್ಟ ಕಲಿಸ್ಯಾರೇನವಾ? ಕಣ್ಣು ತೆರಿ!"

ತೆರೆಯುವ ಗಡಿಬಿಡಿಯಲ್ಲಿ ಮೊಣಕೈ ಮೇಜಿಗೆ ಬಡಿಯಿತು. ಹರಿವು ಗಕ್ಕನೆ ನಿಂತಿತು.

"ಮಿಸ್, ಸತ್ತೇ ಹೋಯ್ತು!"

"ಸತ್ತಿಲ್ಲ, ಅಂಜೈತಿ. ನಿನ್ನಂಗ ಪುಕ್ಕಲ ಅದು. ಸುಮ್ಮ ಕುಂಡ್ರು, ತಾನಾ ಹರೀತೈತಿ."

ಉಸಿರು ಬಿಗಿಹಿಡಿದೆ. ಒಂದು ಕಣ ಅಲುಗಿತು, ಆಮೇಲೆ ಇನ್ನೊಂದು.

ಹೋದ ವರ್ಷ ಅವರ ಎಡಗಣ್ಣಿನ ಒಳಪದರ ಕಿತ್ತುಬಂತು. ಆಪರೇಷನ್ ಮಾಡುತ್ತೇವೆ, ಖಾತ್ರಿ ಕೊಡಲಾರೆವು ಎಂದರು ಹುಬ್ಬಳ್ಳಿಯ ಡಾಕ್ಟರು. ಹೊರಡುವ ಮುಂಜಾನೆ ಮಿಸ್ ಸೆರಗಿನ ತುದಿಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತ, "ಬಲಗಣ್ಣಾಗ ಹುಟ್ಟಿದಾಗಿಂದ ಏನೂ ಇಲ್ಲವಾ. ಇದೂ ಹೋದ್ರ…" ಎಂದರು. ಆ ಕಣ್ಣು ಅರೆಮುಚ್ಚಿರುವುದು ರೂಢಿಯಿಂದಲ್ಲವೆಂದು ನನಗೆ ತಿಳಿದದ್ದು ಆಗಲೇ.

ತಮ್ಮನಿಗೆ ಲಕ್ಷ್ಮೇಶ್ವರಕ್ಕೆ ವರ್ಗವಾಗಿ, ಅವರೆಲ್ಲ ಮನೆ ಖಾಲಿ ಮಾಡುವ ಹಿಂದಿನ ದಿನವೇ ನಾನು ಅವರನ್ನು ಕೊನೆಯ ಸಲ ಕಂಡದ್ದು. ಕಣ್ಣಿನ ಪಟ್ಟಿ ಆಗಷ್ಟೇ ಬಿಚ್ಚಿದ್ದರು. "ಎಲ್ಲಾ ಹೊಂದಿಸಿ ಇಡು, ನೋಡೋಣು" ಎಂದರು. ಅವಸರದಲ್ಲೇ ಎಳೆ ಇಟ್ಟೆ, ಹಾಳೆಗಳನ್ನು ಅಡ್ಡಡ್ಡ ಕೂರಿಸಿದೆ. ಮೊದಲು ಅವರೇ ನೋಡಲೆಂದು ನಾನು ಬಗ್ಗಲಿಲ್ಲ.

ಮಿಸ್ ಕಣ್ಣಿಟ್ಟರು. ಬಾಗಿಲಲ್ಲಿ ತಮ್ಮ, ಅವರ ಹೆಂಡತಿ ನಿಂತಿದ್ದರು.

"ಕಾಣಸ್ತೈತೇನಕ್ಕಾ?"

"ಯಾಕ ಕಾಣಂಗಿಲ್ಲೋ! ಛಂದ ಹರಿಯಾಕತ್ತೈತಿ. ಹೋಗ್ರಿ, ಜಲ್ದಿ ಚಾ ಮಾಡ್ರಿ."

ತಮ್ಮನ ಹೆಂಡತಿ ಅಳುತ್ತ ನಗುತ್ತ ಅಡುಗೆಮನೆಗೆ ಓಡಿದರು; ತಮ್ಮ ಹಾಲು ತರಲು ಚಪ್ಪಲಿ ಮೆಟ್ಟಿದರು.

ಆಗ ಕಂಡಿತು. ಸೂಕ್ಷ್ಮದರ್ಶಕದ ದೀಪವನ್ನು ನಾನು ಹಚ್ಚಿಯೇ ಇರಲಿಲ್ಲ. ದೀಪವಿಲ್ಲದೆ ಅಲ್ಲಿ ಯಾರ ಕಣ್ಣಿಗೂ ಏನೂ ಕಾಣುವಂತಿರಲಿಲ್ಲ.

"ಮಿಸ್…"

ಅವರ ಕೈ ಮೇಜಿನ ಮೇಲೆ ತಡವರಿಸಿ ನನ್ನ ಬಳೆಗಳನ್ನು ಹಿಡಿಯಿತು.

"ಈಗ ಹೇಳಬ್ಯಾಡವಾ. ಮೊದಲ ಅವರು ಚಾ ಕುಡೀಲಿ."