‘ನೋಡುವ’ ಅಂದ ಮಾತು

ನಮ್ಮ ಕಡೆ ‘ನೋಡುವ’ ಅಂದರೆ ಹೆಚ್ಚಾಗಿ ಇಲ್ಲ ಅಂತಲೇ ಅರ್ಥ. ಚಂದಾ ಕೇಳಲು ಬಂದವರಿಗೂ, ಸಂಬಂಧ ಹಿಡಿದುಕೊಂಡು ಬಂದವರಿಗೂ ಅದೊಂದೇ ಮಾತು ಸಾಕು, ಮುಖಕ್ಕೆ ಹೊಡೆದ ಹಾಗಾಗುವುದಿಲ್ಲ. ನಾನೇ ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಹಾಗಿದ್ದೂ ಒಂದು ಸಂಶೋಧನಾ ಪ್ರಬಂಧದಲ್ಲಿ ಆ ಮಾತು ಕಂಡಾಗ ನನ್ನ ಮಂಡೆಗೆ ಹೋಗಲಿಲ್ಲ.

ಪುತ್ತೂರಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿ ಅಲ್ಲೇ ದರ್ಬೆಯಲ್ಲಿ ಆರಾಮವಾಗಿದ್ದೆ. ಒಳ್ಳೆಯ ಸಂಶೋಧನೆಗೆ ಬಹುಮಾನ ಕೊಡುವ ಸಮಿತಿಯೊಂದು ಮೂವರು ತೀರ್ಪುಗಾರರಲ್ಲಿ ಒಬ್ಬನಾಗಿ ನನ್ನನ್ನು ಕರೆಯಿತು. ಬಂದ ಪ್ರಬಂಧಗಳಲ್ಲಿ ಒಂದು ನನ್ನ ಹಳೆಯ ವಿದ್ಯಾರ್ಥಿನಿಯದು. ಅದನ್ನು ಮೊದಲೇ ಹೇಳಿದೆ. “ಈ ಊರಲ್ಲಿ ನಿಮ್ಮ ವಿದ್ಯಾರ್ಥಿ ಅಲ್ಲದವರು ಯಾರಿದ್ದಾರೆ ಹೇಳಿ” ಎಂದು ಸಮಿತಿಯವರು ನಕ್ಕರು.

ಮಂಡೆಕೋಲಿನಲ್ಲಿ ಸರ್ಪಸುತ್ತಿಗೆ ಸೊಪ್ಪಿನ ಮದ್ದು ಕೊಡುವ ಹೆಂಗಸೊಬ್ಬರಿದ್ದಾರೆ. ಆ ಸೊಪ್ಪು ಯಾವುದು, ಎಲ್ಲಿ ಬೆಳೆಯುತ್ತದೆ, ಅದರಲ್ಲಿ ಏನೇನಿದೆ ಎಂದು ಆ ಹುಡುಗಿ ಪ್ರಬಂಧದಲ್ಲಿ ಬರೆದಿದ್ದಳು. ಹೊರದೇಶದವರೂ ಅದನ್ನು ಉಲ್ಲೇಖಿಸಿದ್ದರು. ನಮ್ಮ ಅಂಕಪಟ್ಟಿಯಲ್ಲಿ ‘ಪ್ರಭಾವ’ಕ್ಕೇ ಅರ್ಧಕ್ಕಿಂತ ಹೆಚ್ಚು ಅಂಕ. ‘ನೈತಿಕತೆ’ಗೆ ಒಂದು ಚೌಕ, ಒಪ್ಪಿಗೆಯ ಪುಟ ಇದೆಯೆಂದು ಟಿಕ್ ಹಾಕಿದರೆ ಮುಗಿಯಿತು. ಅವಳು ಅತಿಥಿ ಉಪನ್ಯಾಸಕಿ; ಬಹುಮಾನ ಬಂದರೆ ಕೆಲಸ ಖಾಯಂ ಆಗುವ ಆಸೆ ಇತ್ತು. ನಾನು ಸಂತೋಷದಿಂದಲೇ ಟಿಕ್ ಹಾಕಿದೆ.

ಕೊನೆಯ ಸಭೆಗೆ ಒಂದು ವಾರವಿರುವಾಗ ಸುಳ್ಯದ ನೆಂಟರ ಮನೆಗೆ ಹೋದವನು ಮಂಡೆಕೋಲಿಗೂ ಹೋದೆ. ಮದ್ದು ಕೊಡುವ ಆ ಅಕ್ಕನನ್ನು ಕಾಣುವ ಕುತೂಹಲ, ಬೇರೆ ಎಂತದೂ ಅಲ್ಲ. ಅವರು ಬೆಲ್ಲ, ನೀರು ಕೊಟ್ಟರು. ಅಷ್ಟರಲ್ಲಿ ಸೊಂಟದ ಸುತ್ತ ಗುಳ್ಳೆ ಎದ್ದವರೊಬ್ಬರು ಕಡಬದಿಂದ ಬಂದರು. ಸೊಪ್ಪಿಲ್ಲ, ಡಾಕ್ಟರ ಹತ್ತಿರ ಹೋಗಿ ಎಂದು ಅಕ್ಕ ವಾಪಸ್ ಕಳಿಸಿದರು.

“ಸೊಪ್ಪು ಎಂತ ಆಯ್ತು ಅಕ್ಕ?” ಎಂದು ಕೇಳಿದೆ.

“ಪುಸ್ತಕದಲ್ಲಿ ಸೊಪ್ಪು ಬೆಳೆಯುವ ಜಾಗ ಬಂದದ್ದೇ ಬಂದದ್ದು ಮಾಸ್ಟ್ರೆ, ಯಾರ್ಯಾರೋ ಗೋಣಿ ತಂದು ಬೇರು ಸಮೇತ ಕಿತ್ಕೊಂಡು ಹೋದ್ರು. ಈಗ ಮದ್ದಿಗೆ ಬೇಕು ಅಂದ್ರೂ ಒಂದು ಎಲೆ ಇಲ್ಲ.”

“ಬರೀಲಿಕ್ಕೆ ನೀವು ಒಪ್ಪಿದ್ದೀರಲ್ಲ?”

“ನಾನು ಎಲ್ಲಿ ಒಪ್ಪಿದ್ದು? ಮೂರು ಸಲ ಕೇಳಿದ್ಳು. ಮೂರು ಸಲವೂ ‘ನೋಡುವ’ ಅಂದೆ. ಮನೆಗೆ ಬಂದ ಹುಡುಗಿಗೆ ಬೇಡ ಅಂತ ಹೇಗೆ ಹೇಳುದು?”

ಅವರಿಗೆ ಸಿಟ್ಟಿರಲಿಲ್ಲ. ನಾಚಿಕೆಯಾದದ್ದು ನನಗೆ. ದರ್ಬೆಗೆ ಬಂದು ಪ್ರಬಂಧ ತೆರೆದು ನೋಡಿದೆ. ಒಪ್ಪಿಗೆಯ ಪುಟದಲ್ಲಿ ಅವರ ಮಾತನ್ನು ಹುಡುಗಿ ಇದ್ದ ಹಾಗೇ ಬರೆದುಕೊಂಡಿದ್ದಳು, ‘ನೋಡುವ’ ಅಂತ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಒಪ್ಪಿದ್ದಾರೆ ಅಂತ. ಅವಳೂ ನಾನೂ ಇದೇ ಕಡೆಯವರು. ಅದರ ಅರ್ಥ ಗೊತ್ತಾಗುವುದು ಬರೆದವಳಿಗೂ ಬೇಡವಾಗಿತ್ತು, ಓದಿದ ನನಗೂ.

ಸಭೆಯಲ್ಲಿ ನನ್ನ ಟಿಕ್ ಹೊಡೆದುಹಾಕಿದೆ. “ಲೋಕಕ್ಕೇ ಉಪಕಾರ ಆಗುವ ಕೆಲಸ ಮಾರಾಯ್ರೆ” ಎಂದರು ಇನ್ನೊಬ್ಬ ತೀರ್ಪುಗಾರರು.

“ಆಗ್ಲಿ. ಕಡಬದವರು ಬರಿಗೈಯಲ್ಲಿ ಹೋದದ್ದನ್ನು ನಾನು ಕಂಡಿದ್ದೇನೆ” ಎಂದೆ.

ಬಹುಮಾನ ಬೇರೆಯವರಿಗೆ ಹೋಯಿತು. ಕಾರಣವನ್ನು ನಾನೇ ಫೋನ್ ಮಾಡಿ ಹುಡುಗಿಗೆ ತಿಳಿಸಿದೆ. ಎರಡು ವಾರ ಬಿಟ್ಟು ಮನೆಗೆ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು.

“ತಪ್ಪು ನನ್ನದೇ ಸರ್. ಅಕ್ಕನ ಹತ್ತಿರ ಹೋಗಿ ಬಂದೆ. ಜಾಗದ ವಿವರ ತೆಗೀಲಿಕ್ಕೆ ಪ್ರಬಂಧ ಅಚ್ಚು ಮಾಡಿದ ಪತ್ರಿಕೆಯವರಿಗೂ ಬರ್ದಿದ್ದೇನೆ” ಎಂದಳು. ಮತ್ತೆ ಕೇಳಿದಳು: “ಮೂರು ವರ್ಷ ನಮ್ಮನ್ನು ಕಾಡಿಗೆ, ಕಂಡವರ ಜಾಗಕ್ಕೆಲ್ಲ ಕರ್ಕೊಂಡು ಹೋದ್ರಿ. ಗಿಡ ಕೀಳುದು, ಒಣಗಿಸುದು, ಹಾಳೆಗೆ ಅಂಟಿಸುದು ಎಲ್ಲ ಕಲಿಸಿದ್ರಿ. ಒಂದು ಸಲವಾದ್ರೂ ಯಾರ ಹತ್ತಿರವಾದ್ರೂ ಕೇಳಿ ಕಿತ್ತದ್ದು ಉಂಟಾ ಸರ್?”

ಇರಲಿಲ್ಲ. ಹಾಗೆಂದೇ ಅವಳಿಗೆ ಹೇಳಿದೆ.